ಉದ್ಯೋಗಶಿಕ್ಷಣದ ಮಹಾಶಿಲ್ಪಿ ಸರ್ ಎಂ. ವಿಶ್ವೇಶ್ವರಯ್ಯನವರು

ಶಿವಶರಣರು ಬೋಧಿಸಿದ ಧರ್ಮದಲ್ಲಿ ದುಡಿಮೆಗೆ ದೊರೆತ ಗೌರವವು ಅನ್ಯತ್ರ ದುರ್ಲಭವಾದುದು. ಹಗ್ಗ ಹೊಸೆಯುವ ನುಲಿಯ ಚಂದಯ್ಯನೂ, ಬಟ್ಟೆಯನ್ನು ಮಡಿಮಾಡುವ ಮಾಚಯ್ಯನೂ, ದೋಣಿ ನಡೆಸುವ ಚೌಡಯ್ಯನೂ ಶರಣರ ಸಮೂಹದಲ್ಲಿ ಸಮಾನಸ್ಥಾನವನ್ನು ಪಡೆದರು. ಅಗತ್ಯಕ್ಕಿಂತ ಹೆಚ್ಚಾಗಿ ಆಯ್ದು ತಂದ ಅಕ್ಕಿಯನ್ನು ಹಿಂದಿರುಗಿಸಿ ಬರುವಂತೆ ಪತಿಗೆ ಹೇಳಿದ ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ನಮ್ಮ ಶಾಲೆಯ ಮಕ್ಕಳೆಲ್ಲರೂ ಬಲ್ಲರು. ಆದರೆ ಕಾಯಕಕ್ಕೆ ಮನಸ್ಸು ಮಾತ್ರ ಸಿದ್ಧವಾಗಿದ್ದರೆ ಸಾಲದು. ಕೈಗೆ ಕುಶಲತೆ ಬೇಕು. ಕುಶಲವಾದ ಕೈಗೆ ಕೆಲಸವೂ ದೊರೆಯಬೇಕು. ಇವೆರಡನ್ನೂ ಒದಗಿಸುವ ಹೊಣೆ ಯಾರದು? ಸರ್ಕಾರದ್ದೇ, ಊರಿನದೇ, ಮಠಮಾನ್ಯಗಳದ್ದೇ, ತಂದೆತಾಯಿಗಳದ್ದೇ? ಈ ಪ್ರಶ್ನೆಯನ್ನು ಕೈಗೆತ್ತಿಕೊಂಡು, ತಮ್ಮ ಸುದೀರ್ಘವಾದ ಬಾಳಿನ ಉದ್ದಕ್ಕೂ ಉತ್ತರವನ್ನು ಅರಸಿದ ಮಹನೀಯರು ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು.

ಅವರನ್ನು ನಾಡು ಕನ್ನಂಬಾಡಿ ಕಟ್ಟೆಯ ನಿರ್ಮಾಪಕರೆಂದು ಸ್ಮರಿಸುತ್ತದೆ. ಅದು ಯುಕ್ತವೇ ಸರಿ. ಆದರೆ ಕಲ್ಲುಗಾರೆಗಳ ಕಟ್ಟೆಯನ್ನು ಕಟ್ಟಿಸಿದಷ್ಟೇ ಶ್ರದ್ಧೆಯಿಂದ ಅವರು ಮನುಷ್ಯರ ಕೈಗಳನ್ನು ಕೆಲಸಕ್ಕೆ ಸಿದ್ಧಗೊಳಿಸುವ ಸಂಸ್ಥೆಗಳನ್ನೂ ಕಟ್ಟಿದರೆಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಪ್ರತಿ ವರ್ಷ ಎಸ್.ಎಸ್.ಎಲ್.ಸಿ. ಪರೀಕ್ಷೆಯ ಫಲಿತಾಂಶ ಬಂದೊಡನೆ ನಮ್ಮ ಶಾಲೆಯ ಬಾಗಿಲಿಗೆ ಬರುವ ತಂದೆತಾಯಿಗಳು ಕೇಳುವ ಪ್ರಶ್ನೆ ಒಂದೇ. ಮಗನನ್ನು ಮುಂದೆ ಏನು ಓದಿಸಿದರೆ ಅನ್ನಕ್ಕೆ ದಾರಿಯಾದೀತು? ಆ ಪ್ರಶ್ನೆಗೆ ಉತ್ತರ ಹುಡುಕುವ ಅಧ್ಯಾಪಕರಿಗೂ, ಸಂಸ್ಥೆಯನ್ನು ಪೋಷಿಸುತ್ತಿರುವ ದಾನಿಗಳಿಗೂ, ಇಲ್ಲಿ ಓದಿ ಹೊರಗೆ ಹೋದ ಹಿರಿಯ ವಿದ್ಯಾರ್ಥಿಗಳಿಗೂ ಈ ಮಹನೀಯರ ಚರಿತ್ರೆಯ ಈ ಮುಖವು ಉಪಯುಕ್ತವಾದೀತೆಂಬ ನಂಬಿಕೆಯಿಂದ ಈ ಲೇಖನವನ್ನು ಬರೆಯಲಾಗಿದೆ.

ಜನನ ಮತ್ತು ವಿದ್ಯಾಭ್ಯಾಸ

ವಿಶ್ವೇಶ್ವರಯ್ಯನವರು ಜನಿಸಿದುದು 1860ನೆಯ ಇಸವಿ ಸೆಪ್ಟೆಂಬರ್ 15ರಂದು. ಕೆಲವು ದಾಖಲೆಗಳಲ್ಲಿ 1861 ಎಂದೂ ಇದೆ. ಜನ್ಮಸ್ಥಳವು ಇಂದಿನ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದ ಮುದ್ದೇನಹಳ್ಳಿ. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು, ತಾಯಿ ವೆಂಕಟಲಕ್ಷ್ಮಮ್ಮನವರು. ಪೂರ್ವಿಕರು ಆಂಧ್ರದೇಶದ ಮೋಕ್ಷಗುಂಡದಿಂದ ಬಂದವರಾದುದರಿಂದ ಮನೆತನಕ್ಕೆ ಆ ಹೆಸರು ನಿಂತಿತು. ಮನೆಯಲ್ಲಿ ವಿದ್ಯೆಯಿತ್ತು, ಸಂಪತ್ತು ಇರಲಿಲ್ಲ. ಬಾಲ್ಯದಲ್ಲಿಯೇ ತಂದೆಯವರು ತೀರಿಕೊಂಡರು. ಅಲ್ಲಿಂದ ಮುಂದೆ ಬಾಲಕನ ಓದು ಪರರ ನೆರವಿನಿಂದಲೇ ಸಾಗಬೇಕಾಯಿತು.

ಬೆಂಗಳೂರಿನಲ್ಲಿ ಸೋದರಮಾವ ರಾಮಯ್ಯನವರು ಆಶ್ರಯವಿತ್ತರು. ವೆಸ್ಲಿಯನ್ ಮಿಷನ್ ಶಾಲೆಯಲ್ಲಿಯೂ ಅನಂತರ ಸೆಂಟ್ರಲ್ ಕಾಲೇಜಿನಲ್ಲಿಯೂ ವ್ಯಾಸಂಗ ನಡೆಯಿತು. ಅನುಕೂಲಸ್ಥರ ಮನೆಯ ಮಕ್ಕಳಿಗೆ ಪಾಠ ಹೇಳಿ, ಅದರಿಂದ ಬಂದ ಅಲ್ಪಸ್ವಲ್ಪ ಹಣದಿಂದ ತಮ್ಮ ಓದಿನ ವೆಚ್ಚವನ್ನು ಸರಿದೂಗಿಸಿಕೊಂಡರು. ಬಿ.ಎ. ಪದವಿಯನ್ನು ಪಡೆದ ಮೇಲೆ ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ದೊರೆತು ಪೂನಾ ನಗರದ ವಿಜ್ಞಾನ ಕಾಲೇಜಿಗೆ ಹೋಗಿ, 1883ರಲ್ಲಿ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಪ್ರಥಮಸ್ಥಾನವನ್ನು ಗಳಿಸಿದರು. ಸೋದರಮಾವನ ಮನೆಯ ಅನ್ನ, ಪಾಠ ಹೇಳಿ ಪಡೆದ ಸ್ವಂತ ಗಳಿಕೆ, ಸರ್ಕಾರದ ವಿದ್ಯಾರ್ಥಿವೇತನ, ಈ ಮೂರೂ ಕೂಡಿದುದರಿಂದ ಒಬ್ಬ ವಿಶ್ವೇಶ್ವರಯ್ಯ ಸಿದ್ಧವಾದರೆಂಬುದನ್ನು ಓದುಗರು ಗಮನದಲ್ಲಿರಿಸಿಕೊಳ್ಳಬೇಕು. ಇವುಗಳಲ್ಲಿ ಒಂದು ತಪ್ಪಿದ್ದರೂ ಆ ಪ್ರತಿಭೆ ಮುದ್ದೇನಹಳ್ಳಿಯಲ್ಲಿಯೇ ಉಳಿದುಹೋಗುತ್ತಿದ್ದಿತು.

1884ರಲ್ಲಿ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯನ್ನು ಸೇರಿ ಎರಡು ದಶಕಗಳಿಗೂ ಮೀರಿ ಸೇವೆ ಸಲ್ಲಿಸಿದರು. ಸಿಂಧ್ ಪ್ರಾಂತದ ಸುಕ್ಕೂರಿಗೆ ಕುಡಿಯುವ ನೀರನ್ನು ಒದಗಿಸಿದುದು, ಪೂನಾ ಬಳಿಯ ಖಡಕ್‌ವಾಸ್ಲಾ ಜಲಾಶಯಕ್ಕೆ ತಾವೇ ರೂಪಿಸಿದ ಸ್ವಯಂಚಾಲಿತ ಬಾಗಿಲುಗಳನ್ನು 1903ರಲ್ಲಿ ಅಳವಡಿಸಿದುದು ಮೊದಲಾದ ಕಾರ್ಯಗಳು ಸುಪ್ರಸಿದ್ಧವಾಗಿವೆ. ಅವುಗಳನ್ನು ಇಲ್ಲಿ ವಿಸ್ತರಿಸುವುದಿಲ್ಲ. ನಮ್ಮ ಪ್ರಕೃತಕ್ಕೆ ಮುಖ್ಯವಾದುದು 1898ರಲ್ಲಿ ಅವರು ಕೈಗೊಂಡ ಜಪಾನ್ ಪ್ರವಾಸ. ಆ ಪುಟ್ಟ ದೇಶವು ಕೆಲವೇ ದಶಕಗಳಲ್ಲಿ ಮುಂದುವರಿದ ರಾಷ್ಟ್ರಗಳ ಸಾಲಿಗೆ ಬಂದುದಕ್ಕೆ ಸಾರ್ವತ್ರಿಕ ವಿದ್ಯಾಭ್ಯಾಸವೂ ಕೈಗಾರಿಕಾ ಶಿಕ್ಷಣವೂ ಕಾರಣವೆಂಬುದನ್ನು ಅವರು ಪ್ರತ್ಯಕ್ಷವಾಗಿ ಕಂಡರು. ಅಕ್ಷರವಿದ್ಯೆಯೂ ಕರಕೌಶಲವೂ ಒಂದೇ ಬಂಡಿಯ ಎರಡು ಗಾಲಿಗಳೆಂಬ ಭಾವನೆ ಅಂದಿನಿಂದ ಅವರ ಮನಸ್ಸಿನಲ್ಲಿ ಬೇರೂರಿತು.

ಸಂಪದಭ್ಯುದಯ ಸಮಾಜ

ನಾಲ್ವಡಿ ಕೃಷ್ಣರಾಜ ಒಡೆಯರ ಆಹ್ವಾನವನ್ನು ಮನ್ನಿಸಿ 1909ರಲ್ಲಿ ವಿಶ್ವೇಶ್ವರಯ್ಯನವರು ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರಾಗಿ ಬಂದರು. ಕೆರೆ ಕಾಲುವೆಗಳ ಕೆಲಸಕ್ಕಾಗಿ ಬಂದವರು ಅಷ್ಟಕ್ಕೇ ತೃಪ್ತರಾಗಲಿಲ್ಲ. ಅವರ ಸಲಹೆಯಂತೆ 1911ರಲ್ಲಿ ಮೈಸೂರು ಸಂಪದಭ್ಯುದಯ ಸಮಾಜವು ಸ್ಥಾಪಿತವಾಯಿತು. ವಿದ್ಯಾಭ್ಯಾಸ, ಬೇಸಾಯ, ಕೈಗಾರಿಕೆ ಮತ್ತು ವಾಣಿಜ್ಯ ಎಂಬ ಮೂರು ವಿಷಯಗಳಿಗೆ ಮೂರು ಸಮಿತಿಗಳು ಏರ್ಪಟ್ಟುವು. ಜಿಲ್ಲೆಗಳಲ್ಲಿಯೂ ತಾಲ್ಲೂಕುಗಳಲ್ಲಿಯೂ ಅವುಗಳ ಶಾಖಾಸಮಿತಿಗಳು ಕೆಲಸಮಾಡಿದುವು.

ಈ ಏರ್ಪಾಟಿನ ವಿಶೇಷವನ್ನು ಸ್ವಲ್ಪ ವಿಚಾರಮಾಡಬೇಕು. ಅಲ್ಲಿಯವರೆಗೆ ಪ್ರಜೆಗಳು ಅರ್ಜಿ ಹಿಡಿದು ಅಮಲ್ದಾರರ ಕಚೇರಿಯ ಮುಂದೆ ನಿಲ್ಲುವುದು, ಅಧಿಕಾರಿಗಳು ಕೊಟ್ಟರೆ ಪಡೆಯುವುದು, ಇಲ್ಲವಾದರೆ ಹಿಂದಿರುಗುವುದು, ಇದೇ ರೂಢಿಯಾಗಿದ್ದಿತು. ಈಗ ಅಧಿಕಾರಿಗಳೊಡನೆ ವರ್ತಕರು, ಜಮೀನ್ದಾರರು, ಅಧ್ಯಾಪಕರು, ವಕೀಲರು ಒಂದೇ ಮೇಜಿನ ಸುತ್ತ ಕುಳಿತು, ತಮ್ಮ ಸೀಮೆಯಲ್ಲಿ ಯಾವ ಕಸುಬು ಇದೆ, ಯಾವುದು ಅಳಿಯುತ್ತಿದೆ, ಯಾವುದನ್ನು ಹೊಸದಾಗಿ ಆರಂಭಿಸಬಹುದು, ಅದಕ್ಕೆ ಜನರಿಗೆ ಯಾವ ತರಬೇತಿ ಬೇಕು ಎಂಬುದನ್ನು ಚರ್ಚಿಸುವಂತಾಯಿತು. ಉದ್ಯೋಗವೆಂಬುದು ಸರ್ಕಾರ ದಯಪಾಲಿಸುವ ವರವಲ್ಲ, ಸರ್ಕಾರವೂ ಜನರೂ ಕೂಡಿ ಕಟ್ಟಬೇಕಾದ ಮನೆ ಎಂಬ ತತ್ತ್ವವು ನಮ್ಮ ಸಂಸ್ಥಾನದಲ್ಲಿ ಹೀಗೆ ಸ್ಪಷ್ಟರೂಪವನ್ನು ತಾಳಿತು. 1915ರಲ್ಲಿ ಜನ್ಮತಾಳಿದ ಕನ್ನಡ ಸಾಹಿತ್ಯ ಪರಿಷತ್ತಿಗೂ ಇದೇ ಸಮಾಜದ ಚರ್ಚೆಗಳು ಪ್ರೇರಕವಾದುವೆಂಬುದು ಕನ್ನಡಿಗರೆಲ್ಲರೂ ಕೃತಜ್ಞತೆಯಿಂದ ನೆನೆಯಬೇಕಾದ ಸಂಗತಿ.

ದಿವಾನಗಿರಿಯ ಆರು ವರ್ಷಗಳು

1912ರ ನವೆಂಬರಿನಲ್ಲಿ ವಿಶ್ವೇಶ್ವರಯ್ಯನವರು ದಿವಾನ ಪದವಿಯನ್ನು ಸ್ವೀಕರಿಸಿದರು. ಸ್ವೀಕರಿಸುವುದಕ್ಕೆ ಮುನ್ನ ಬಂಧುಗಳನ್ನು ಕರೆದು, ತಮ್ಮಿಂದ ಯಾವ ಶಿಫಾರಸನ್ನೂ ಬಯಸಬಾರದೆಂದು ಮಾತು ಪಡೆದರೆಂಬುದು ಪ್ರಸಿದ್ಧವಾದ ಕಥೆ. ಮುಂದಿನ ಆರು ವರ್ಷಗಳಲ್ಲಿ ನಡೆದ ಕಾರ್ಯಗಳ ಪಟ್ಟಿಯೇ ಒಂದು ಗ್ರಂಥವಾದೀತು. 1913ರಲ್ಲಿ ಪ್ರಾಥಮಿಕ ವಿದ್ಯಾಭ್ಯಾಸವನ್ನು ಕಡ್ಡಾಯಗೊಳಿಸಲು ಅವಕಾಶ ಕೊಡುವ ಶಾಸನ, ಅದೇ ವರ್ಷ ಮೈಸೂರು ಬ್ಯಾಂಕು, ಹೆಬ್ಬಾಳದ ವ್ಯವಸಾಯ ಶಾಲೆ, ಬೆಂಗಳೂರಿನ ಮೆಕ್ಯಾನಿಕಲ್ ಎಂಜಿನಿಯರಿಂಗ್ ಶಾಲೆ, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ, 1917ರಲ್ಲಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು, ಹೀಗೆ ಒಂದರ ಹಿಂದೆ ಒಂದು ಸಂಸ್ಥೆ ತಲೆಯೆತ್ತಿದುವು. ಸುಮಾರು 4,500ರಷ್ಟಿದ್ದ ಶಾಲೆಗಳ ಸಂಖ್ಯೆ ಅವರ ಕಾಲದಲ್ಲಿ ಇಮ್ಮಡಿಗೂ ಮೀರಿತು. ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯಲ್ಲಿ ಮರಗೆಲಸ, ಬೀಟೆಯ ಮರದಲ್ಲಿ ದಂತದ ಕೆತ್ತನೆಯ ಕೆಲಸ, ಲೋಹದ ಕೆಲಸ ಮೊದಲಾದುವನ್ನು ಕಲಿಸಲಾಗುತ್ತಿದ್ದಿತು. ಜಿಲ್ಲೆಯ ಮುಖ್ಯಪಟ್ಟಣಗಳಲ್ಲಿಯೂ ಕೈಗಾರಿಕಾ ಶಾಲೆಗಳು ಹರಡಿದುವು.

ಮೇಲಿನ ಪಟ್ಟಿಯಲ್ಲಿ ಒಂದು ಕ್ರಮವಿರುವುದನ್ನು ಬಲ್ಲವರು ಗುರುತಿಸಬಹುದು. ಶಾಲೆಯಿಂದ ಅಕ್ಷರ, ಕೈಗಾರಿಕಾ ಶಾಲೆಯಿಂದ ಕುಶಲತೆ, ಬ್ಯಾಂಕಿನಿಂದ ಬಂಡವಾಳ, ಕಾರ್ಖಾನೆಯಿಂದ ಕೆಲಸ. ನಾಲ್ಕೂ ಒಂದಕ್ಕೊಂದು ಹೆಣೆದುಕೊಂಡಿರಬೇಕು. ಕೆಲಸವಿಲ್ಲದೆ ತರಬೇತಿ ಕೊಟ್ಟರೆ ನಿರಾಶೆ ಹುಟ್ಟುತ್ತದೆ; ತರಬೇತಿಯಿಲ್ಲದೆ ಕಾರ್ಖಾನೆ ಕಟ್ಟಿದರೆ ಪರದೇಶದವರೇ ಬಂದು ನಡೆಸಬೇಕಾಗುತ್ತದೆ. ಇದಕ್ಕೆ ಗಂಧದೆಣ್ಣೆಯ ಕಾರ್ಖಾನೆಯೇ ನಿದರ್ಶನ. 1914ರಲ್ಲಿ ಮಹಾಯುದ್ಧವು ಮೊದಲಾಗಿ, ನಮ್ಮ ಗಂಧದ ಮರವನ್ನು ಕೊಳ್ಳುತ್ತಿದ್ದ ಜರ್ಮನಿಯ ಮಾರುಕಟ್ಟೆ ಮುಚ್ಚಿಹೋಯಿತು. ಮರ ಕೊಳ್ಳುವವರಿಲ್ಲದಿದ್ದರೆ ಎಣ್ಣೆಯನ್ನು ನಾವೇ ತೆಗೆಯೋಣವೆಂದು 1916ರಲ್ಲಿ ಬೆಂಗಳೂರಿನಲ್ಲಿಯೂ ಮರುವರ್ಷ ಮೈಸೂರಿನಲ್ಲಿಯೂ ಕಾರ್ಖಾನೆಗಳನ್ನು ಸ್ಥಾಪಿಸಲಾಯಿತು. ಸಾಬೂನಿನ ತಯಾರಿಕೆಯನ್ನು ಕಲಿತು ಬರಲು ಸೋಸಲೆ ಗರಳಪುರಿ ಶಾಸ್ತ್ರಿಗಳನ್ನು ಇಂಗ್ಲೆಂಡಿಗೆ ಕಳುಹಿಸಲಾಯಿತು. ಮೈಸೂರು ಸ್ಯಾಂಡಲ್ ಸಾಬೂನಿನ ಪರಿಮಳದ ಹಿಂದೆ, ನಮ್ಮ ನೆರೆಯ ತಿರುಮಕೂಡಲು ನರಸೀಪುರ ತಾಲ್ಲೂಕಿನ ಸೋಸಲೆಯ ಹೆಸರನ್ನು ಹೊತ್ತ ವಿದ್ವಾಂಸರೊಬ್ಬರ ಪರಿಶ್ರಮವಿರುವುದು ಈ ಸೀಮೆಯವರಾದ ನಮಗೆ ಹೆಮ್ಮೆಯ ವಿಷಯ. ಸಂಸ್ಥಾನದಲ್ಲಿ ರೇಷ್ಮೆಗೆ ಪ್ರತ್ಯೇಕ ಇಲಾಖೆ ಏರ್ಪಟ್ಟು, ಇಟಲಿ ದೇಶದ ತಜ್ಞರನ್ನು ಕರೆಸಿ ಹುಳು ಸಾಕಣೆಯನ್ನೂ ನೂಲು ಬಿಚ್ಚಾಣಿಕೆಯನ್ನೂ ಸುಧಾರಿಸುವ ಪ್ರಯತ್ನ ನಡೆದುದೂ ಆ ವರ್ಷಗಳಲ್ಲಿಯೇ.

ಈ ಭಾಗವನ್ನು ಬರೆಯುವಾಗ ಇನ್ನೊಂದು ಸಂಗತಿಯನ್ನೂ ಹೇಳಬೇಕು. ಕನ್ನಂಬಾಡಿಯ ಜಲಾಶಯದಲ್ಲಿ ಹಲವು ಊರುಗಳು ಮುಳುಗಿದುವು. ಮಂಡ್ಯದ ಸೀಮೆಗೆ ಬಂದ ಹಸುರಿನ ಹಿಂದೆ, ಹೊಲಮನೆಗಳನ್ನೂ ಕುಲದೇವತೆಯ ಗುಡಿಗಳನ್ನೂ ಬಿಟ್ಟು ಹೊರಟ ರೈತಕುಟುಂಬಗಳ ಕಣ್ಣೀರಿದೆ. ಅಭ್ಯುದಯದ ಫಲ ಒಬ್ಬರಿಗೆ, ಅದರ ನೋವು ಇನ್ನೊಬ್ಬರಿಗೆ ಎಂಬಂತಾಗಬಾರದು. ನೆಲೆ ತಪ್ಪಿದವನಿಗೆ ಹೊಸ ನೆಲೆಯನ್ನೂ ಹೊಸ ಕಸುಬನ್ನೂ ಒದಗಿಸುವುದು ಅಭ್ಯುದಯದ ಮೊದಲ ಋಣವೆಂದು ಇಂದಿನವರು ಅರಿಯಬೇಕು.

ಒಂದು ಭಿನ್ನಾಭಿಪ್ರಾಯ

ಮಹನೀಯರ ಚರಿತ್ರೆಯನ್ನು ಬರೆಯುವವರು ಅನುಕೂಲವಾದುದನ್ನು ಮಾತ್ರ ಹೇಳಿ ಮುಗಿಸುವುದು ಉಚಿತವಲ್ಲ. ವಿಶ್ವೇಶ್ವರಯ್ಯನವರು 1918ರ ಡಿಸೆಂಬರಿನಲ್ಲಿ ದಿವಾನ ಪದವಿಯನ್ನು ತ್ಯಜಿಸಿದುದರ ಹಿಂದೆ ಒಂದು ಗಂಭೀರವಾದ ಭಿನ್ನಾಭಿಪ್ರಾಯವಿದ್ದಿತು. ಸರ್ಕಾರಿ ಉದ್ಯೋಗಗಳಲ್ಲಿ ಬ್ರಾಹ್ಮಣೇತರ ಸಮಾಜಗಳಿಗೆ ತಕ್ಕ ಸ್ಥಾನ ದೊರೆಯಬೇಕೆಂದು 1917ರಲ್ಲಿ ಪ್ರಜಾಮಿತ್ರ ಮಂಡಲಿಯು ಒತ್ತಾಯಿಸಿತು. ವೀರಶೈವ ಮುಖಂಡರೂ ಅದರಲ್ಲಿ ಪಾಲ್ಗೊಂಡಿದ್ದರು. ಮಹಾರಾಜರು 1918ರಲ್ಲಿ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿದರು. ಯೋಗ್ಯತೆಯೊಂದೇ ಉದ್ಯೋಗಕ್ಕೆ ಮಾನದಂಡವಾಗಿರಬೇಕು, ಹಿಂದುಳಿದವರಿಗೆ ವಿದ್ಯಾಭ್ಯಾಸದ ಸೌಲಭ್ಯವನ್ನು ಹೆಚ್ಚಿಸುವುದೇ ಪರಿಹಾರ ಎಂಬುದು ವಿಶ್ವೇಶ್ವರಯ್ಯನವರ ನಿಲುವು. ಶಾಲೆಯ ಮೆಟ್ಟಿಲನ್ನೇ ತಲತಲಾಂತರದಿಂದ ಹತ್ತಲಾಗದವರಿಗೆ ಯೋಗ್ಯತೆಯನ್ನು ತೋರಿಸುವ ಅವಕಾಶವಾದರೂ ಎಲ್ಲಿ ಎಂಬುದು ಎದುರುಪಕ್ಷದವರ ನ್ಯಾಯವಾದ ಪ್ರಶ್ನೆ. ಮಹಾರಾಜರು ಪ್ರಜೆಗಳ ಬೇಡಿಕೆಯನ್ನು ಮನ್ನಿಸಿದರು. ದಿವಾನರು ಪದವಿಯನ್ನು ಬಿಟ್ಟರು. ಸರ್ ಕಾಂತರಾಜೇ ಅರಸಿನವರು ಆ ಸ್ಥಾನಕ್ಕೆ ಬಂದರು.

ಶತಮಾನವೇ ಕಳೆದ ಮೇಲೆ ನೋಡಿದರೆ, ಹಿಂದೆ ಉಳಿದವರಿಗೆ ಬಾಗಿಲನ್ನು ತೆರೆಯಬೇಕೆಂಬ ಮಹಾರಾಜರ ತೀರ್ಮಾನವು ನಾಡಿಗೆ ಹಿತವನ್ನೇ ಉಂಟುಮಾಡಿತೆಂದು ಒಪ್ಪಬೇಕು. ಹಾಗೆಯೇ ವಿದ್ಯೆಯಿಲ್ಲದೆ ಬರಿಯ ಸ್ಥಾನ ದೊರೆತರೆ ಅದು ನಿಲ್ಲದೆಂಬ ವಿಶ್ವೇಶ್ವರಯ್ಯನವರ ಆತಂಕದಲ್ಲಿಯೂ ಸತ್ಯವಿದ್ದಿತು. ಈ ಎರಡು ಸತ್ಯಗಳ ನಡುವಣ ಅಂತರವನ್ನು ತುಂಬಿದವರು ಯಾರು? ಸರ್ಕಾರವು ಕಟ್ಟಿದ ಶಾಲೆ ಪಟ್ಟಣದಲ್ಲಿದ್ದಿತು. ಹಳ್ಳಿಯ ಬಡಹುಡುಗನಿಗೆ ಅಲ್ಲಿ ಊಟವಿಲ್ಲ, ಮಲಗಲು ಸ್ಥಳವಿಲ್ಲ. ವಿಶ್ವೇಶ್ವರಯ್ಯನವರಿಗೆ ಬೆಂಗಳೂರಿನಲ್ಲಿ ಸೋದರಮಾವನ ಮನೆಯಿದ್ದಿತು. ಅಂತಹ ಮನೆಯಿಲ್ಲದ ಸಾವಿರಾರು ಮಕ್ಕಳಿಗೆ ಸೋದರಮಾವನ ಮನೆಯಾದುವು ನಮ್ಮ ಮಠಗಳ ಪ್ರಸಾದನಿಲಯಗಳು. ಧರ್ಮಪ್ರವರ್ತ ಗುಬ್ಬಿ ತೋಟದಪ್ಪನವರು ಬೆಂಗಳೂರಿನಲ್ಲಿ ಛತ್ರವನ್ನೂ ವಿದ್ಯಾರ್ಥಿನಿಲಯವನ್ನೂ ಸ್ಥಾಪಿಸಿದರು. 1916ರಲ್ಲಿ ಏಳು ಮಂದಿ ಅಧ್ಯಾಪಕರು ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ವಿದ್ಯಾಸಂಸ್ಥೆಯನ್ನು ಹುಟ್ಟುಹಾಕಿದರು. 1917ರಲ್ಲಿ ಸಿದ್ಧಗಂಗೆಯಲ್ಲಿ ಸಂಸ್ಕೃತ ಪಾಠಶಾಲೆ ಆರಂಭವಾಯಿತು. ನಮ್ಮ ನೆರೆಯ ಸುತ್ತೂರು ಶ್ರೀಕ್ಷೇತ್ರದ ಶ್ರೀ ಶಿವರಾತ್ರಿ ರಾಜೇಂದ್ರ ಮಹಾಸ್ವಾಮಿಗಳವರು ಮೈಸೂರಿನಲ್ಲಿ ಉಚಿತ ವಿದ್ಯಾರ್ಥಿನಿಲಯವನ್ನು ನಡೆಸಿ, 1954ರಲ್ಲಿ ಮಹಾವಿದ್ಯಾಪೀಠವನ್ನು ಸ್ಥಾಪಿಸಿದರು. 1963ರಲ್ಲಿ ಅದರ ಎಂಜಿನಿಯರಿಂಗ್ ಕಾಲೇಜು ಮೈಸೂರಿನಲ್ಲಿ ಆರಂಭವಾಯಿತು. ದಿವಾನರು ಬಯಸಿದ ಯೋಗ್ಯತೆಯೂ ಜನರು ಬಯಸಿದ ನ್ಯಾಯವೂ ಒಂದುಗೂಡಿದುದು ದಾಸೋಹದ ಪಂಕ್ತಿಯಲ್ಲಿ ಎಂದರೆ ಅತಿಶಯೋಕ್ತಿಯಾಗದು.

ಭದ್ರಾವತಿಯ ಪರೀಕ್ಷೆ

ಪದವಿಯನ್ನು ಬಿಟ್ಟ ಮೇಲೆ ವಿಶ್ವೇಶ್ವರಯ್ಯನವರು ಅಮೆರಿಕ, ಯೂರೋಪುಗಳ ಪ್ರವಾಸಮಾಡಿ, ಭಾರತದ ಪುನರ್ನಿರ್ಮಾಣವನ್ನು ಕುರಿತು 1920ರಲ್ಲಿ ಗ್ರಂಥವನ್ನು ಪ್ರಕಟಿಸಿದರು. ಅಷ್ಟರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಸಂಕಟ ಒದಗಿತು. ಯುದ್ಧಕಾಲದಲ್ಲಿ ಯೋಜಿತವಾದ ಆ ಕಾರ್ಖಾನೆ 1923ರಲ್ಲಿ ಉತ್ಪಾದನೆಯನ್ನು ಆರಂಭಿಸುವ ವೇಳೆಗೆ ಕಬ್ಬಿಣದ ಬೆಲೆ ಇಳಿದುಹೋಗಿದ್ದಿತು. ಹಣ ಪೋಲಾಯಿತೆಂದು ಹಲವರು ಟೀಕಿಸಿದರು. ಮಹಾರಾಜರ ಇಚ್ಛೆಯಂತೆ ವಿಶ್ವೇಶ್ವರಯ್ಯನವರು ಅದರ ಆಡಳಿತಮಂಡಲಿಯ ಅಧ್ಯಕ್ಷತೆಯನ್ನು ವಹಿಸಿ, 1929ರವರೆಗೆ ಅಲ್ಲಿ ದುಡಿದರು.

ಕಾರ್ಖಾನೆಯನ್ನು ಮುಚ್ಚುವುದು ಸುಲಭವಾದ ಮಾರ್ಗವಾಗಿದ್ದಿತು. ಮುಚ್ಚಿದ್ದರೆ ಕಾಡಿನಲ್ಲಿ ಮರ ಕಡಿಯುವವರಿಂದ ಹಿಡಿದು ಕುಲುಮೆಯ ಮುಂದೆ ನಿಲ್ಲುವವರವರೆಗೆ ಎಷ್ಟೋ ಸಂಸಾರಗಳು ಬೀದಿಪಾಲಾಗುತ್ತಿದ್ದುವು. ಅವರು ಹಿಡಿದುದು ಕಷ್ಟದ ಮಾರ್ಗ. ವೆಚ್ಚವನ್ನು ಹತೋಟಿಗೆ ತಂದರು, ಉಪೋತ್ಪನ್ನಗಳಿಂದ ಆದಾಯವನ್ನು ಹೆಚ್ಚಿಸಿದರು, ಹೆಚ್ಚಿನ ಸಂಬಳ ಪಡೆಯುತ್ತಿದ್ದ ವಿದೇಶೀಯ ತಜ್ಞರ ಸ್ಥಾನಕ್ಕೆ ನಮ್ಮ ನಾಡಿನ ತರುಣರನ್ನು ಸ್ಥಳದಲ್ಲಿಯೇ ತರಬೇತುಗೊಳಿಸಿದರು. ಕುಲುಮೆಯ ಕೆಲಸವನ್ನು ಕುಲುಮೆಯ ಮುಂದೆಯೇ ಕಲಿಯಬೇಕು. ಅಕ್ಕಸಾಲಿಗನ ಮಗ ತಂದೆಯ ಬಳಿ ಕುಳಿತು ಕಲಿಯುವಂತೆ ಕಾರ್ಖಾನೆಯ ಹುಡುಗನೂ ಬಲ್ಲವರ ಪಕ್ಕದಲ್ಲಿ ನಿಂತು ಕಲಿಯಬೇಕು. 1961ರಲ್ಲಿ ಭಾರತ ಸರ್ಕಾರವು ಶಿಶಿಕ್ಷುಗಳ ಶಾಸನವನ್ನು ಮಾಡುವುದಕ್ಕೆ ಬಹುವರ್ಷಗಳ ಮುನ್ನವೇ ಆ ಪದ್ಧತಿ ಭದ್ರಾವತಿಯಲ್ಲಿ ಬಳಕೆಗೆ ಬಂದಿದ್ದಿತು.

ಅಲ್ಲಿಯ ಸೇವೆಗಾಗಿ ಅವರಿಗೆ ಸಲ್ಲಬೇಕಾದ ಸಂಭಾವನೆ ಲಕ್ಷ ರೂಪಾಯಿಗಳನ್ನು ಮೀರಿದ್ದಿತು. ಅವರು ಅದನ್ನು ಸ್ವಂತಕ್ಕೆ ಸ್ವೀಕರಿಸಲಿಲ್ಲ. ತರುಣರಿಗೆ ಕಸುಬುಗಳನ್ನು ಕಲಿಸುವ ಒಂದು ಸಂಸ್ಥೆಗೆ ಆ ಹಣ ವಿನಿಯೋಗವಾಗಬೇಕೆಂದು ಕೋರಿದರು. ಅದರಂತೆ 1943ರಲ್ಲಿ ಬೆಂಗಳೂರಿನಲ್ಲಿ ಔದ್ಯೋಗಿಕ ಶಿಕ್ಷಣಸಂಸ್ಥೆಯೊಂದು ಸ್ಥಾಪಿತವಾಯಿತು. ಅದಕ್ಕೆ ತಮ್ಮ ಹೆಸರನ್ನು ಇಡಲು ಅವರು ಸಮ್ಮತಿಸಲಿಲ್ಲ. ಶ್ರೀ ಜಯಚಾಮರಾಜೇಂದ್ರರ ಹೆಸರಿನಲ್ಲಿಯೇ ಅದು ನಡೆಯಲೆಂದರು. ಇಂದು ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ ಎಂದು ಪ್ರಸಿದ್ಧವಾಗಿರುವ ಸಂಸ್ಥೆ ಅದೇ. ದುಡಿದ ಹಣವನ್ನು ದುಡಿಮೆಯನ್ನು ಕಲಿಸುವುದಕ್ಕೆ ಕೊಟ್ಟು, ಕೊಟ್ಟವನ ಹೆಸರನ್ನು ಮರೆಮಾಡುವುದು ನಮ್ಮ ಪರಂಪರೆಯಲ್ಲಿ ದಾಸೋಹವೆನಿಸಿಕೊಳ್ಳುತ್ತದೆ. ಆ ಶಬ್ದವನ್ನು ಬಳಸದೆಯೇ ಅವರು ಅದನ್ನು ಆಚರಿಸಿದರು.

ಯಂತ್ರವೋ ಚರಕವೋ

ಆ ಕಾಲದಲ್ಲಿಯೇ ನಮ್ಮ ಸೀಮೆಯಲ್ಲಿ ಇನ್ನೊಂದು ಮಾರ್ಗದ ಪ್ರಯೋಗವೂ ನಡೆಯುತ್ತಿದ್ದಿತು. ನಂಜನಗೂಡು ತಾಲ್ಲೂಕಿನ ತಗಡೂರಿನ ರಾಮಚಂದ್ರರಾಯರು ಗಾಂಧೀಜಿಯವರ ಅನುಯಾಯಿಗಳಾಗಿ, ಬಡ ಹೆಣ್ಣುಮಕ್ಕಳಿಗೂ ಅಸ್ಪೃಶ್ಯರೆನಿಸಿಕೊಂಡಿದ್ದ ಬಂಧುಗಳಿಗೂ ನೂಲುವುದನ್ನು ಕಲಿಸಿದರು. ಬದನವಾಳಿನ ಖಾದಿಕೇಂದ್ರವು 1920ರ ದಶಕದಲ್ಲಿ ತಲೆಯೆತ್ತಿ, ಗಾಂಧೀಜಿಯವರ ಪಾದಸ್ಪರ್ಶದಿಂದ ಪುನೀತವಾಯಿತು. ಗಾಂಧೀಜಿಯವರೂ ವಿಶ್ವೇಶ್ವರಯ್ಯನವರೂ ಪರಸ್ಪರ ಗೌರವವುಳ್ಳವರು. ಆದರೆ ಯಂತ್ರದ ವಿಷಯದಲ್ಲಿ ಅವರ ಅಭಿಪ್ರಾಯಗಳು ಕೂಡಲಿಲ್ಲ. ಒಬ್ಬರು ಮನೆಮನೆಯಲ್ಲಿ ಚರಕವನ್ನು ಕಂಡರೆ, ಇನ್ನೊಬ್ಬರು ದೊಡ್ಡ ಕಾರ್ಖಾನೆಗಳಿಲ್ಲದೆ ದೇಶದ ದಾರಿದ್ರ್ಯ ತೊಲಗದೆಂದು ನಂಬಿದ್ದರು. 1934ರಲ್ಲಿ ಅವರು ಭಾರತಕ್ಕೆ ಯೋಜಿತ ಅರ್ಥವ್ಯವಸ್ಥೆಯನ್ನು ಸೂಚಿಸಿ ಬರೆದ ಗ್ರಂಥದಲ್ಲಿ ಈ ನಂಬಿಕೆ ವಿಶದವಾಗಿದೆ.

ಆದರೆ ವೃದ್ಧಾಪ್ಯದಲ್ಲಿ ಅವರ ದೃಷ್ಟಿ ಪುನಃ ಹಳ್ಳಿಯ ಕಡೆಗೆ ತಿರುಗಿತು. ತೊಂಬತ್ತರ ಆಸುಪಾಸಿನ ವಯಸ್ಸಿನಲ್ಲಿ ಅವರು ಗ್ರಾಮ ಕೈಗಾರಿಕೀಕರಣದ ಯೋಜನೆಯೊಂದನ್ನು ಸಿದ್ಧಗೊಳಿಸಿದರು. ಅದನ್ನು ಮೊದಲು ಬೆಂಗಳೂರು, ಕೋಲಾರ ಜಿಲ್ಲೆಗಳಲ್ಲಿ ಪ್ರಯೋಗಕ್ಕೆ ತರಲಾಯಿತು. ಹಲವು ಗ್ರಾಮಗಳನ್ನು ಕೂಡಿಸಿ ಒಂದೊಂದು ಘಟಕವನ್ನಾಗಿ ಮಾಡುವುದು, ಗ್ರಾಮಸ್ಥರದೇ ಸಮಿತಿಯನ್ನು ರಚಿಸುವುದು, ಊರಿನ ಕಸುಬುಗಳನ್ನೂ ಆದಾಯವನ್ನೂ ಲೆಕ್ಕಹಾಕುವುದು, ಬೇಸಾಯದಿಂದ ಬಿಡುವಾದ ಕೈಗಳಿಗೆ ಒಂದು ಉಪಕಸುಬನ್ನು ಕಲ್ಪಿಸುವುದು, ಅದಕ್ಕೆ ಗ್ರಾಮಸ್ಥರೂ ಸರ್ಕಾರವೂ ಕೂಡಿ ಹಣ ಹಾಕುವುದು, ಇದು ಆ ಯೋಜನೆಯ ತಿರುಳು. 1911ರ ಸಂಪದಭ್ಯುದಯ ಸಮಾಜದ ಬೀಜವೇ ಇಲ್ಲಿ ಹಳ್ಳಿಯ ಮಣ್ಣಿನಲ್ಲಿ ಮೊಳೆತಂತೆ ತೋರುತ್ತದೆ. ಯಂತ್ರವೋ ಚರಕವೋ ಎಂಬ ವಾದವನ್ನು ಬದಿಗಿರಿಸಿದರೆ, ಊರಿನವರು ತಾವೇ ಮುಂದಾಗದೆ ಊರಿಗೆ ಉದ್ಯೋಗ ಬಾರದೆಂಬುದರಲ್ಲಿ ಬದನವಾಳಿಗೂ ಭದ್ರಾವತಿಗೂ ಭೇದವಿಲ್ಲ.

ಅಂತ್ಯದವರೆಗೂ ಅವರ ದುಡಿಮೆ ನಿಲ್ಲಲಿಲ್ಲ. 1951ರಲ್ಲಿ ತಮ್ಮ ವೃತ್ತಿಜೀವನದ ನೆನಪುಗಳನ್ನು ಪ್ರಕಟಿಸಿದರು. ತೊಂಬತ್ತು ದಾಟಿದ ಮೇಲೂ ಬಿಹಾರಕ್ಕೆ ಹೋಗಿ ಗಂಗಾನದಿಯ ಸೇತುವೆಗೆ ಸ್ಥಳವನ್ನು ಸೂಚಿಸಿದರು. 1955ರಲ್ಲಿ ಭಾರತರತ್ನ ಪ್ರಶಸ್ತಿ ಬಂದಿತು. 1960ರಲ್ಲಿ ನಾಡು ಅವರ ಜನ್ಮಶತಾಬ್ದಿಯನ್ನು ಅವರ ಸಮ್ಮುಖದಲ್ಲಿಯೇ ಆಚರಿಸಿ, ಅಂಚೆಚೀಟಿಯನ್ನು ಹೊರಡಿಸಿತು. 1962ರ ಏಪ್ರಿಲ್ ತಿಂಗಳಲ್ಲಿ ಅವರು ದೇಹವನ್ನು ಬಿಟ್ಟರು. ಹುಟ್ಟಿದ ಮುದ್ದೇನಹಳ್ಳಿಯಲ್ಲಿಯೇ ಅವರ ಸಮಾಧಿಯಿದೆ. ಅವರ ಜನ್ಮದಿನವನ್ನು ದೇಶವು ಎಂಜಿನಿಯರುಗಳ ದಿನವೆಂದು ಆಚರಿಸುತ್ತಿದೆ.

ನಮ್ಮ ಸೀಮೆಯ ಸ್ಥಿತಿ

ಈ ಚರಿತ್ರೆಯನ್ನು ಓದಿದ ಬಳಿಕ ನಮ್ಮ ಸುತ್ತಮುತ್ತ ಕಣ್ಣುಹಾಯಿಸೋಣ. ಚಾಮರಾಜನಗರದ ಸೀಮೆ ಒಂದು ಕಾಲಕ್ಕೆ ರೇಷ್ಮೆಗೆ ಹೆಸರಾಗಿದ್ದಿತು. ಮನೆಮನೆಯಲ್ಲಿ ಹುಳು ಮೇಯಿಸುವ ತಟ್ಟೆ, ಚಂದ್ರಿಕೆಗಳಿದ್ದುವು. ಸಂತೇಮರಹಳ್ಳಿ, ಮಾಂಬಳ್ಳಿಗಳ ಸರ್ಕಾರಿ ರೇಷ್ಮೆ ಕಾರ್ಖಾನೆಗಳಲ್ಲಿ ನಮ್ಮ ಊರುಗಳ ಹೆಣ್ಣುಮಕ್ಕಳೂ ಗಂಡುಮಕ್ಕಳೂ ನೂಲು ಬಿಚ್ಚಿ ಸಂಸಾರವನ್ನು ಸಾಕಿದರು. 1980ರಲ್ಲಿ ಕಾಣಿಸಿಕೊಂಡ ಊಜಿನೊಣದ ಕಾಟ, ಅನಂತರ ಚೀನಾದಿಂದ ಬಂದ ಅಗ್ಗದ ರೇಷ್ಮೆ, ಮೇಲಿಂದ ಮೇಲೆ ಬಂದ ಬರ, ಇವುಗಳಿಂದ ಹಿಪ್ಪುನೇರಳೆ ತೋಟಗಳು ಕುಗ್ಗಿದುವು. ಬಿಸಿನೀರಿನ ತೊಟ್ಟಿಯಲ್ಲಿ ಕೈಯದ್ದಿ ಗೂಡಿನ ಎಳೆಯನ್ನು ಹಿಡಿಯುವ ಆ ನಾಜೂಕು ಕಲೆಯನ್ನು ಬಲ್ಲ ಎಷ್ಟೋ ಕೈಗಳು ಕೂಲಿಗಾಗಿ ಪರಸ್ಥಳಗಳಿಗೆ ಹೋದುವು. ವಿಶ್ವೇಶ್ವರಯ್ಯನವರು ಉಳಿಸಿದ ಭ್ರದ್ರಾವತಿಯ ಕಾರ್ಖಾನೆಯನ್ನೇ ಮುಚ್ಚುವ ನಿರ್ಧಾರವು 2023ರ ಜನವರಿಯಲ್ಲಿ ಪ್ರಕಟವಾಗಿ, ಕಾರ್ಮಿಕರು ಧರಣಿ ಕುಳಿತುದನ್ನೂ ನಾವು ಕಂಡೆವು. ಕೆಲಸ ಕಳೆದುಕೊಂಡ ನಡುವಯಸ್ಸಿನವನಿಗೆ ಹೊಸ ಕಸುಬನ್ನು ಕಲಿಸುವವರು ಯಾರೆಂಬ ಪ್ರಶ್ನೆ ಹಳೆಯದಾದರೂ ಉತ್ತರ ಇನ್ನೂ ಪೂರ್ಣವಾಗಿಲ್ಲ.

ನಿರಾಶರಾಗಬೇಕಾದ ಕಾರಣವಿಲ್ಲ. ನಮ್ಮ ಕುದೇರಿನಲ್ಲಿಯೇ ಜಿಲ್ಲೆಯ ಹಾಲು ಒಕ್ಕೂಟದ ಡೇರಿಯಿದೆ. ಬೆಳಗ್ಗೆ ಸಂಜೆ ಹಳ್ಳಿಹಳ್ಳಿಯ ಸಂಘದಲ್ಲಿ ಹಾಲು ಅಳೆಯುವ ರೈತಮಹಿಳೆಯೂ, ಆ ಹಾಲನ್ನು ಪರೀಕ್ಷಿಸುವ ತರುಣನೂ, ಯಂತ್ರವನ್ನು ನಡೆಸುವ ಕುಶಲಕರ್ಮಿಯೂ ಒಂದೇ ಸಹಕಾರದ ಹಗ್ಗಕ್ಕೆ ಸೇರಿದ ಎಳೆಗಳು. ಊರಿನವರು ಕೂಡಿದರೆ ಊರಿಗೆ ಉದ್ಯೋಗ ಬರುವುದೆಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಕಿಲ್ಲ. ಬದನಗುಪ್ಪೆ ಕೆಲ್ಲಂಬಳ್ಳಿಯ ಕೈಗಾರಿಕಾ ಪ್ರದೇಶವೂ ದೂರದಲ್ಲಿಲ್ಲ. ಅಲ್ಲಿಗೆ ಬೇಕಾದ ಕುಶಲತೆ ಯಾವುದೆಂದು ಕೇಳಿ ತಿಳಿದು, ಅದಕ್ಕೆ ನಮ್ಮ ಮಕ್ಕಳನ್ನು ಸಿದ್ಧಗೊಳಿಸುವ ಕೆಲಸ ಮಾತ್ರ ನಮ್ಮದು. 1950ರಿಂದ ದೇಶದಲ್ಲೆಲ್ಲ ಹರಡಿರುವ ಕೈಗಾರಿಕಾ ತರಬೇತಿ ಸಂಸ್ಥೆಗಳ ಬಾಗಿಲು ತೆರೆದಿದೆ. ಆದರೆ ಅಂಕ ಕಡಮೆ ಬಂದವರು ಮಾತ್ರ ಐ.ಟಿ.ಐ.ಗೆ ಹೋಗಬೇಕೆಂಬ ಹೀನಭಾವನೆ ನಮ್ಮವರಲ್ಲಿ ಇನ್ನೂ ಉಳಿದಿದೆ. ಹಗ್ಗ ಹೊಸೆದ ಚಂದಯ್ಯನನ್ನು ಪೂಜಿಸುವ ನಾವೇ ಬೆಸುಗೆ ಹಾಕುವ ಹುಡುಗನನ್ನು ಕೀಳಾಗಿ ಕಂಡರೆ ನಮ್ಮ ಪೂಜೆಗೆ ಅರ್ಥವೇನು?

ಆದುದರಿಂದ ಈ ಸಂಚಿಕೆಯನ್ನು ಓದುವ ಮಹನೀಯರಲ್ಲಿ ಕೆಲವು ವಿನಂತಿಗಳು. ಅಧ್ಯಾಪಕರಾದ ನಾವು ಪಠ್ಯದೊಡನೆ ಕೈಕೆಲಸಕ್ಕೂ ಗೌರವವನ್ನು ಕಲಿಸೋಣ. ಪಟ್ಟಣಗಳಲ್ಲಿ ಉದ್ಯೋಗದಲ್ಲಿರುವ ಹಿರಿಯ ವಿದ್ಯಾರ್ಥಿಗಳು ವರ್ಷಕ್ಕೊಂದು ದಿನವಾದರೂ ಶಾಲೆಗೆ ಬಂದು ತಮ್ಮ ಕಸುಬಿನ ಪರಿಚಯವನ್ನು ಕಿರಿಯರಿಗೆ ಮಾಡಿಕೊಡಲಿ. ಒಬ್ಬೊಬ್ಬರು ಒಬ್ಬ ಹುಡುಗನನ್ನು ತಮ್ಮ ಬಳಿ ನಿಲ್ಲಿಸಿಕೊಂಡು ಕಲಿಸಲಿ. ದಾನಿಗಳು ಕಟ್ಟಡಕ್ಕೆ ಕೊಡುವಂತೆಯೇ ಹೊಲಿಗೆಯ ಯಂತ್ರಕ್ಕೂ, ಮರಗೆಲಸದ ಉಪಕರಣಕ್ಕೂ, ಗಣಕಯಂತ್ರಕ್ಕೂ ಕೊಡಲಿ. ಅದಕ್ಕೆ ಹೆಸರಿನ ಫಲಕ ಬೇಕೇ ಬೇಡವೇ ಎಂಬುದನ್ನು ನಿಶ್ಚಯಿಸುವ ಮುನ್ನ 1943ರ ಆ ಸಂಸ್ಥೆಯ ಹೆಸರನ್ನು ಒಮ್ಮೆ ನೆನೆಯಲಿ. ಶಾಲೆ ಬಿಟ್ಟವರಿಗೂ ಕೆಲಸ ಕಳೆದುಕೊಂಡವರಿಗೂ ಸಂಜೆಯ ಹೊತ್ತು ಶಾಲೆಯ ಬಾಗಿಲು ತೆರೆದಿರಲಿ.

ಮುದ್ದೇನಹಳ್ಳಿಯ ತಂದೆಯಿಲ್ಲದ ಬಾಲಕನಿಗೆ ಅಂದು ಒಂದು ಮನೆ ಅನ್ನವಿಟ್ಟಿತು, ಒಂದು ಸರ್ಕಾರ ವಿದ್ಯಾರ್ಥಿವೇತನವನ್ನು ಕೊಟ್ಟಿತು. ಆ ಋಣವನ್ನು ಅವರು ನಾಡಿಗೆ ನೂರ್ಮಡಿಯಾಗಿ ತೀರಿಸಿದರು. ಕುದೇರಿನ ಯಾವ ಮನೆಯಲ್ಲಿ ಅಂತಹ ಬಾಲಕನೋ ಬಾಲಕಿಯೋ ಇಂದು ಕುಳಿತಿರುವರೋ ಬಲ್ಲವರು ಯಾರು? ಅವರಿಗೆ ಅನ್ನ, ಅಕ್ಷರ, ಕಸುಬು ಈ ಮೂರನ್ನೂ ಒದಗಿಸುವ ಶಕ್ತಿಯನ್ನು ಶ್ರೀಗುರುವು ನಮ್ಮೆಲ್ಲರಿಗೂ ಕರುಣಿಸಲೆಂದು ಪ್ರಾರ್ಥಿಸುತ್ತೇನೆ.